ಎಕ್ಕ ಹುಟ್ಟಿದ ನೆಲದ ಪಾತರಗಿತ್ತಿ

ಚಿಟ್ಟೆ ನೋಡುವವರ ಪಂಚಾಂಗದಲ್ಲಿ ಬೇಸಿಗೆಗೆ ಒಳ್ಳೆಯ ಮುಹೂರ್ತವೇ ಇಲ್ಲ. ಮುಂಗಾರು ಹದವಾಗಿ ಸುರಿದು, ಬೇಲಿಸಾಲು ಹಸಿರಾಗಿ, ತಂಗಡಿ ಹೂ ಬಿರಿದ ಮೇಲೆ ಹೊರಡಬೇಕು ಎಂಬುದು ಬಹುತೇಕ ಎಲ್ಲರೂ ಒಪ್ಪಿದ ಮಾತು. 2020ರಿಂದ ದೇಶದಾದ್ಯಂತ ನಡೆಯುತ್ತಿರುವ ‘ಬಿಗ್ ಬಟರ್‌ಫ್ಲೈ ಮಂತ್’ ಎಂಬ ಚಿಟ್ಟೆ ಗಣತಿಯೂ ಸೆಪ್ಟೆಂಬರಿನಲ್ಲೇ ಬರುತ್ತದೆ. ಮಲೆನಾಡಿಗೆ, ಘಟ್ಟದ ಸೆರಗಿನ ಊರುಗಳಿಗೆ ಈ ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದೇ ಪಂಚಾಂಗ ಹಿಡಿದು ಹಿಂದೂಪುರಕ್ಕೋ ಕಲ್ಯಾಣದುರ್ಗಕ್ಕೋ ಹೋದರೆ ಆ ಸೀಮೆಯ ಅರ್ಧ ಕಥೆಯಷ್ಟೇ ಸಿಗುತ್ತದೆ. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ, ದೇಶದ ಅತಿ ಒಣ ಜಿಲ್ಲೆಗಳ ಸಾಲಿನಲ್ಲಿ ಸದಾ ಹೆಸರು ಕೇಳಿಬರುವ ಅನಂತಪುರದ ನೆಲ ಇದು. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದು ಹಿಂದೂಪುರ, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಗೆರೆ ಎಲ್ಲಿ ಎಳೆದರೂ ಪಾವಗಡ, ಮಧುಗಿರಿ, ಚಳ್ಳಕೆರೆಗಳ ಕಡೆಯಿಂದ ಹರಡಿಕೊಂಡು ಬಂದ ಅದೇ ಕಲ್ಲುಗುಡ್ಡ, ಅದೇ ಕುರುಚಲು, ಅದೇ ಕಡಲೆಕಾಯಿ ಹೊಲ. ಇಂಥ ನೆಲದಲ್ಲಿ ಯಾವ ಚಿಟ್ಟೆ ಹಾದುಹೋಗುತ್ತದೆ ಎಂದು ತಿಳಿಯಲು ಸೆಪ್ಟೆಂಬರ್ ಸಾಕು. ಯಾವ ಚಿಟ್ಟೆ ಇಲ್ಲಿ ಬದುಕುತ್ತದೆ, ಯಾವ ಗಿಡ, ಯಾವ ಹಳ್ಳ ಅದನ್ನು ಬದುಕಿಸುತ್ತದೆ ಎಂದು ತಿಳಿಯಬೇಕಾದರೆ ಏಪ್ರಿಲ್–ಮೇ ತಿಂಗಳಲ್ಲೇ ನೋಡಬೇಕು ಎಂಬುದು ಈ ಲೇಖನದ ವಾದ.

ವಾದವನ್ನು ಎಕ್ಕದಿಂದಲೇ ಶುರುಮಾಡಬಹುದು. ಬಯಲುಸೀಮೆಯಲ್ಲಿ ಯಾರಿಗಾದರೂ ಕೇಡು ಬಯಸಿದರೆ ‘ಎಕ್ಕುಟ್ಟೋಗ’ ಎನ್ನುತ್ತಾರೆ. ನಿನ್ನ ಮನೆ ಪಾಳುಬಿದ್ದು ಅಲ್ಲಿ ಎಕ್ಕ ಹುಟ್ಟಲಿ ಎಂಬ ಶಾಪ ಅದು. ಕುರಿ, ಆಡು ಮೂಸಿ ಮುಂದೆ ಹೋಗುವ, ಮುರಿದರೆ ವಿಷದ ಹಾಲು ಸುರಿಸುವ ಈ ಗಿಡ ಮನುಷ್ಯನ ದೃಷ್ಟಿಯಲ್ಲಿ ಹಾಳಿನ ಗುರುತು. ಪ್ಲೇನ್ ಟೈಗರ್ ಎಂದು ಕರೆಯುವ ಕೇಸರಿ ಬಣ್ಣದ, ರೆಕ್ಕೆಯ ತುದಿಗೆ ಕಪ್ಪು–ಬಿಳಿ ಅಂಚಿರುವ ಚಿಟ್ಟೆಗೆ ಅದೇ ಗಿಡ ತವರು. ಮೇ ತಿಂಗಳ ಬಿಸಿಲಲ್ಲಿ ಹೊಲದ ಬದುವಿನ ಹುಲ್ಲೆಲ್ಲ ಬೂದಿಬಣ್ಣಕ್ಕೆ ತಿರುಗಿರುವಾಗ ಎಕ್ಕ ಮಾತ್ರ ದಪ್ಪ ಎಲೆ ಬಿಟ್ಟುಕೊಂಡು ಹಸಿರಾಗಿ ನಿಂತಿರುತ್ತದೆ. ತಾಯಿ ಚಿಟ್ಟೆ ಎಲೆಯ ತಳಕ್ಕೆ ಒಂದೊಂದೇ ಮೊಟ್ಟೆ ಅಂಟಿಸುತ್ತದೆ. ಅದರಿಂದ ಹೊರಬಂದ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಎಕ್ಕದ ವಿಷವನ್ನು ತಿಂದು, ಅದನ್ನು ಮೈಯಲ್ಲೇ ಕೂಡಿಟ್ಟುಕೊಂಡು, ಹಕ್ಕಿಗಳ ಬಾಯಿಗೆ ಕಹಿಯಾಗುತ್ತದೆ. ಈ ಚಿಟ್ಟೆ ಆಫ್ರಿಕಾದಿಂದ ಹಿಡಿದು ಏಷ್ಯಾದ ಉದ್ದಕ್ಕೂ ಇದೆ. ಈಜಿಪ್ಟಿನ ನೆಬಮುನ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಯ ಮೇಲೆ, ಸುಮಾರು 3,400 ವರ್ಷ ಹಿಂದೆ, ಚಿತ್ರಕಾರನೊಬ್ಬ ಜೊಂಡಿನ ನಡುವೆ ಹಾರುವ ಇದೇ ಚಿಟ್ಟೆಯನ್ನು ಬರೆದಿದ್ದಾನೆ. ಆ ಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅಲ್ಲಿ ಟಿಕೆಟ್ ಇಲ್ಲದೆ ನೋಡಬಹುದಾದದ್ದನ್ನು ಕಲ್ಯಾಣದುರ್ಗದ ಬಸ್ ನಿಲ್ದಾಣದ ಹಿಂದಿನ ಪಾಳು ನಿವೇಶನದಲ್ಲೂ ಹಾಗೆಯೇ ನೋಡಬಹುದು. ಎಕ್ಕ ಹುಟ್ಟಿದ ನೆಲ ಹಾಳು ನೆಲವೇ ಎಂಬ ಪ್ರಶ್ನೆಗೆ ಚಿಟ್ಟೆಯ ಉತ್ತರ ಬೇರೆ, ಕಂದಾಯ ಇಲಾಖೆಯ ಉತ್ತರ ಬೇರೆ. ಆ ಮಾತಿಗೆ ಮುಂದೆ ಬರೋಣ.

ಬೇಸಿಗೆಯಲ್ಲಿ ಗಿಡಗಳೆಲ್ಲ ಸತ್ತಂತಿರುತ್ತವೆ, ಗಿಡವಿಲ್ಲದ ಮೇಲೆ ಹುಳುವೆಲ್ಲಿ, ಹುಳುವಿಲ್ಲದ ಮೇಲೆ ಚಿಟ್ಟೆಯೆಲ್ಲಿ ಎಂಬ ತರ್ಕ ಕೇಳಲು ಚೆಂದ. ಹೊಲದ ಬೆಳೆಯನ್ನು ನೋಡಿ ಕಾಡಿನ ಲೆಕ್ಕ ಹಾಕಿದಾಗ ಹೀಗೆ ತಪ್ಪುತ್ತದೆ. ಒಣ ಸೀಮೆಯ ಮರಗಳಲ್ಲಿ ಬಹಳಷ್ಟು ಮಳೆಗೆ ಕಾಯುವುದಿಲ್ಲ. ಮಳೆಗೆ ಮೊದಲೇ ಚಿಗುರುತ್ತವೆ. ಯುಗಾದಿಯ ಬೇವಿನ ಹೂ ಎಲ್ಲಿಂದ ಬರುತ್ತದೆ ಎಂದು ಒಮ್ಮೆ ನೆನೆದರೆ ಸಾಕು. ಅದೇ ಹೊತ್ತಿಗೆ ಹೊಂಗೆ ಹಳೆ ಎಲೆ ಉದುರಿಸಿ ಮಿರಿಮಿರಿ ಎಳೆ ಹಸಿರು ತಳೆಯುತ್ತದೆ. ಕಾಮನ್ ಬ್ಯಾಂಡೆಡ್ ಆಲ್ ಎಂಬ ಕಂದು ಚಿಟ್ಟೆಯ ಹುಳುವಿಗೆ ಆ ಚಿಗುರೇ ಊಟ. ಯಲಚಿ ಗಿಡದಲ್ಲಿ ಬಿಳಿ ಮೈಗೆ ಕಪ್ಪು ಚುಕ್ಕೆಯ ಪುಟ್ಟ ಕಾಮನ್ ಪಿಯರೋ ಬೆಳೆಯುತ್ತದೆ. ಕಕ್ಕೆ ಹೂಬಿಟ್ಟು ಎಳೆ ಎಲೆ ಹಾಕುವ ಏಪ್ರಿಲ್–ಮೇಯಲ್ಲಿ ಎಮಿಗ್ರೆಂಟ್ ಬಳಗದ ತಿಳಿಹಳದಿ ಚಿಟ್ಟೆಗಳು ಅದನ್ನು ಹುಡುಕಿ ಬರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಮುಳ್ಳುಪೊದೆಗಳನ್ನು. ಕ್ಯಾಪರಿಸ್, ಕಡಬ, ಮೇರುವ ಜಾತಿಯ ಗಿಡಗಳಿಗೆ ಬೇರು ಆಳ, ಎಲೆ ದಪ್ಪ, ಒಣಗಾಳಿಯ ಹೆದರಿಕೆ ಕಡಿಮೆ. ಈ ಪೊದೆಗಳನ್ನೇ ನಂಬಿಕೊಂಡ ಬಿಳಿ, ಕಿತ್ತಳೆ ಚಿಟ್ಟೆಗಳ ಒಂದು ಕುಲವೇ ಇದೆ. ಅವುಗಳಲ್ಲಿ ಕೆಲವಕ್ಕೆ ಇಂಗ್ಲಿಷರು ‘ಅರಬ್’ ಎಂದು ಹೆಸರಿಟ್ಟರು. ಸ್ಮಾಲ್ ಸಾಲ್ಮನ್ ಅರಬ್ ಎಂಬ ನಸುಗೆಂಪು ಚಿಟ್ಟೆ ಆಫ್ರಿಕಾ, ಅರೇಬಿಯಾಗಳ ಒಣನೆಲದಿಂದ ನಮ್ಮ ದಖನ್ನಿನವರೆಗೂ ಹಬ್ಬಿದೆ. ಹೆಸರಿಟ್ಟವರಿಗೆ ಈ ಸೀಮೆಯ ಗುಣ ಗೊತ್ತಿತ್ತು. ಮಲೆನಾಡಿನ ಮಳೆಕಾಡಿನಲ್ಲಿ ಎಷ್ಟು ಹುಡುಕಿದರೂ ಈ ಅರಬ್ಬರು ಸಿಗುವುದಿಲ್ಲ.

ಹಿಂದೂಪುರದ ಹೆಸರನ್ನು ವ್ಯಾಪಾರದ ಲೋಕ ಎರಡು ಕಾರಣಕ್ಕೆ ಬಲ್ಲದು: ಹುಣಸೆಹಣ್ಣು ಮತ್ತು ರೇಷ್ಮೆಗೂಡು. ಎರಡಕ್ಕೂ ಇಲ್ಲಿ ದೊಡ್ಡ ಮಾರುಕಟ್ಟೆಯಿದೆ, ಎರಡೂ ಚಿಟ್ಟೆಯ ವಿಷಯಕ್ಕೆ ಸಲ್ಲುತ್ತವೆ. ಹುಣಸೆ ಬಡಿದು, ಸಿಪ್ಪೆ ಬಿಡಿಸಿ, ಗಾಡಿಗಟ್ಟಲೆ ಮಾರುಕಟ್ಟೆಗೆ ಸಾಗಿಸುವುದು ಬೇಸಿಗೆಯಲ್ಲಿ. ಆ ಮರದ ಎಲೆ ತಿಂದು ಬೆಳೆಯುವ ಹುಳುವಿನ ತಲೆಗೆ ನಾಲ್ಕು ಕೊಂಬುಗಳಿರುತ್ತವೆ, ನೋಡಿದವರು ಯಾವುದೋ ಪುರಾಣದ ಪ್ರಾಣಿ ಎಂದುಕೊಳ್ಳಬೇಕು. ಅದು ಬ್ಲ್ಯಾಕ್ ರಾಜಾ ಎಂಬ ಚಿಟ್ಟೆಯಾಗಿ ರೆಕ್ಕೆ ಬಿಚ್ಚುತ್ತದೆ: ಗಟ್ಟಿ ಮೈ, ಕಪ್ಪುಗಂದು ರೆಕ್ಕೆಗೆ ಅಡ್ಡಲಾಗಿ ಬೆಣ್ಣೆಬಣ್ಣದ ಪಟ್ಟಿ, ಕವಣೆಕಲ್ಲಿನಂಥ ವೇಗ. ರಾಜ ಎಂದು ಹೆಸರಿದ್ದರೂ ಹೂವಿನ ಕಡೆ ತಿರುಗಿ ನೋಡುವುದು ಅಪರೂಪ; ಮರದ ಗಾಯದಿಂದ ಸೋರುವ ರಸ, ಕೊಳೆತ ಹಣ್ಣು, ಸಗಣಿ ಇದಕ್ಕೆ ಇಷ್ಟ. ಚಿಲಮತ್ತೂರು ಮಂಡಲದ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ವರ್ಷದ ಮೊದಲ ತಿಂಗಳುಗಳಲ್ಲಿ ಬಂದು ಬೇಸಿಗೆಯುದ್ದಕ್ಕೂ ಊರೊಳಗಿನ ಹುಣಸೆಮರಗಳಲ್ಲಿ ಗೂಡುಕಟ್ಟಿ ಮರಿ ಮಾಡುತ್ತವೆ, ಅದನ್ನು ನೋಡಲು ದೂರದಿಂದ ಜನ ಬರುತ್ತಾರೆ. ಕೊಕ್ಕರೆಯ ಕೆಳಗೆ ಅದೇ ಕೊಂಬೆಯಲ್ಲಿ ಇರಬಹುದಾದ ಕೊಂಬಿನ ಹುಳುವಿನ ಕಡೆಗೆ ದುರ್ಬೀನು ತಿರುಗುವುದು ಕಡಿಮೆ. ಹುಣಸೆ ಒಂದು ಊರಿಗೆ ಹುಳಿಯಷ್ಟೇ ಅಲ್ಲದೆ ಬಿರುಬೇಸಿಗೆಯ ನೆರಳನ್ನೂ ಕೊಡುತ್ತದೆಂಬುದು ಗೊತ್ತಿದ್ದೇ. ಆ ನೆರಳನ್ನು ಹಂಚಿಕೊಳ್ಳುವವರ ಪಟ್ಟಿ ನಾವು ಅಂದುಕೊಂಡದ್ದಕ್ಕಿಂತ ಉದ್ದವಿದೆ.

ರೇಷ್ಮೆಯ ಮಾತು ಇನ್ನೂ ಮುಖ್ಯ. ಹುಳ ಸಾಕುವ ಮನೆಯ ಹುಡುಗಿಗೆ ಮೊಟ್ಟೆ, ಚಾಕಿ ಹುಳ, ಒಂದನೆಯ ಜ್ವರ, ಎರಡನೆಯ ಜ್ವರ, ಹಣ್ಣಾದ ಹುಳ, ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸುವುದು ಎಲ್ಲವೂ ಗೊತ್ತು. ಹಿಪ್ಪುನೇರಳೆ ಸೊಪ್ಪು ಒಂದು ಹೊತ್ತು ತಪ್ಪಿದರೆ, ಮನೆಯ ಶಾಖ ಸ್ವಲ್ಪ ಏರಿದರೆ ಬೆಳೆ ಹೇಗೆ ಕೆಡುತ್ತದೆ ಎಂದೂ ಗೊತ್ತು. ಬೇಸಿಗೆಯಲ್ಲಿ ಒದ್ದೆ ಗೋಣಿತಾಟು ಕಟ್ಟಿ ಸಾಕಣೆ ಮನೆಯನ್ನು ತಂಪಾಗಿಡುವವರು ಇವರೇ. ಇಷ್ಟು ಸೂಕ್ಷ್ಮವಾಗಿ ಒಂದು ಹುಳುವಿನ ಬಾಳನ್ನು ಅರಿತ ಜನ ದೇಶದಲ್ಲಿ ಬಹಳ ಕಡೆ ಸಿಗುವುದಿಲ್ಲ. ಚಿಟ್ಟೆ ವೀಕ್ಷಣೆಯೆಂದರೆ ನಗರದವರ ಕ್ಯಾಮೆರಾ ಹವ್ಯಾಸ ಎಂದು ಮೂಗು ಮುರಿಯುವವರಿಗೆ ಇದೇ ಉತ್ತರ ಸಾಕು: ಬೆಂಗಳೂರಿನ ಹವ್ಯಾಸಿ ಪುಸ್ತಕದಲ್ಲಿ ಓದಿ ಕಲಿಯುವುದನ್ನು ಇಲ್ಲಿಯ ಮನೆಗಳು ತಟ್ಟೆಯಲ್ಲಿ ಸಾಕಿ ಕಲಿತಿವೆ. ಗಡಿಯ ಈ ಊರುಗಳಲ್ಲಿ ಒಂದೇ ಬೀದಿಯಲ್ಲಿ ಪಾತರಗಿತ್ತಿ ಎನ್ನುವವರೂ ಸಿಗುತ್ತಾರೆ, ಸೀತಾಕೋಕಚಿಲುಕ ಎನ್ನುವವರೂ ಸಿಗುತ್ತಾರೆ. ತೆಲುಗಿನಲ್ಲಿ ಕೋಕ ಎಂದರೆ ಸೀರೆ. ಸೀತೆಯ ಸೀರೆಯುಟ್ಟ ಗಿಳಿ ಎಂಬ ಆ ಹೆಸರು ರೇಷ್ಮೆಯ ಊರಿಗೆ ಚೆನ್ನಾಗಿಯೇ ಒಪ್ಪುತ್ತದೆ.

ನೀರಿನ ವಿಷಯದಲ್ಲಿ ಬೇಸಿಗೆಯ ಸಾಕ್ಷ್ಯ ಇನ್ನಷ್ಟು ಸ್ಪಷ್ಟ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರು ದಾಟಿ ಹಿಂದೂಪುರದ ಮಗ್ಗುಲಿಗೆ ಬರುವ ಪೆನ್ನೆ, ದೇವರಾಯನದುರ್ಗದಿಂದ ಬಂದು ಅದನ್ನು ಸೇರುವ ಜಯಮಂಗಲಿ, ಎರಡೂ ಬೇಸಿಗೆಯಲ್ಲಿ ಮರಳಿನ ಹಾಸು. ಒರತೆ ತೋಡಿದ ಕಡೆ, ದನದ ತೊಟ್ಟಿ ಸೋರುವ ಕಡೆ, ಕುರಿಮಂದೆ ಮಲಗಿ ಎದ್ದ ಕಡೆ ಮಾತ್ರ ಒಂದಿಷ್ಟು ಪಸೆ. ಅಲ್ಲಿಗೆ ಗಂಡು ಚಿಟ್ಟೆಗಳು ಇಳಿಯುತ್ತವೆ. ನೀರಡಿಕೆಗೆ ಬಂದವೆಂದು ತೋರಿದರೂ ಅವಕ್ಕೆ ಮುಖ್ಯವಾಗಿ ಬೇಕಾದದ್ದು ಉಪ್ಪು. ಎಲೆಯಲ್ಲಿ, ಮಕರಂದದಲ್ಲಿ ಸೋಡಿಯಂ ತೀರಾ ಕಡಿಮೆ. ಅಮೆರಿಕದ ಸ್ಕಾಟ್ ಸ್ಮೆಡ್ಲಿ ಮತ್ತು ಥಾಮಸ್ ಐಸ್ನರ್ 1990ರ ದಶಕದ ಮಧ್ಯದಲ್ಲಿ ಒಂದು ಜಾತಿಯ ಪತಂಗದ ಮೇಲೆ ನಡೆಸಿದ ಅಧ್ಯಯನ ಈ ಗುಟ್ಟನ್ನು ಬಿಡಿಸಿತು: ಗಂಡು ಕೆಸರಿನಿಂದ ಹೀರಿ ಕೂಡಿಟ್ಟ ಸೋಡಿಯಂ ಕೂಡುವಾಗ ಹೆಣ್ಣಿಗೆ ಸೇರುತ್ತದೆ, ಅಲ್ಲಿಂದ ಮೊಟ್ಟೆಗೆ ಹೋಗುತ್ತದೆ. ಅಪ್ಪ ಮಕ್ಕಳಿಗೆ ಬಿಟ್ಟುಹೋಗುವ ಉಪ್ಪಿನ ಋಣ ಎನ್ನಬಹುದು. ಮಳೆಗಾಲದಲ್ಲಿ ನೆಲವೆಲ್ಲ ಒದ್ದೆಯಾಗಿರುವಾಗ ಈ ವ್ಯವಹಾರ ಎಲ್ಲಿ ನಡೆಯುತ್ತದೆ ಎಂದು ಗುರುತಿಸುವುದೇ ಕಷ್ಟ. ಬೇಸಿಗೆಯಲ್ಲಿ ಒಂದು ಒರತೆಯ ಅಂಚು ಇಡೀ ಬಯಲಿನ ಸಂತೆಯಾಗುತ್ತದೆ. ಯಾವ ಒರತೆ ಬತ್ತಿದರೆ ಯಾರ ಸಂತೆ ಮುಗಿಯುತ್ತದೆ ಎಂಬುದೂ ಆಗಲೇ ತಿಳಿಯುವುದು. ಮರಳು ತೋಡುವ ಲಾರಿಗಳು ನದಿಯನ್ನು ಬರಿ ಮರಳೆಂದು ಎಣಿಸಿದರೆ ಅದರಲ್ಲಿ ಈ ಸಂತೆಯೂ ಹೋಗುತ್ತದೆ.

ಹಾದುಹೋಗುವವರ ವಿಷಯವನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಬೇಸಿಗೆ ಅವರ ಕಾಲವೂ ಹೌದು. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಮುಂತಾದ ಚಿಟ್ಟೆಗಳು ಮುಂಗಾರಿಗೆ ಮೊದಲು ಘಟ್ಟದ ಕಡೆಯಿಂದ ಪೂರ್ವದ ಬಯಲಿಗೆ ಸಾಗುತ್ತವೆ, ಮಳೆ ಮುಗಿದ ಮೇಲೆ ಅಕ್ಟೋಬರ್–ನವೆಂಬರ್ ಹೊತ್ತಿಗೆ ಪಶ್ಚಿಮಕ್ಕೆ ಮರಳುತ್ತವೆ. ದಕ್ಷಿಣ ಭಾರತದ ಈ ವಲಸೆಯನ್ನು ಚಿಟ್ಟೆ ವಿಜ್ಞಾನಿ ಕೃಷ್ಣಮೇಘ ಕುಂಟೆ 2005ರಲ್ಲಿ ವಿವರವಾಗಿ ಬರೆದಿದ್ದಾರೆ. ಬೆಂಗಳೂರಿನವರು ಟ್ರಾಫಿಕ್ಕಿನ ಮೇಲೆ ಹಾರುವುದನ್ನು ಕಂಡು ಬೆರಗಾಗುವ ಆ ಸಾಲುಗಳಿಗೆ ಪೂರ್ವದಲ್ಲಿ ತಂಗುದಾಣ ಬೇಕು. ಅವುಗಳ ಗಂಡುಗಳಿಗೆ ಹೆಣ್ಣನ್ನು ಒಲಿಸುವ ಪರಿಮಳ ತಯಾರಿಸಲು ಒಂದು ಬಗೆಯ ಸಸ್ಯಕ್ಷಾರ (ಆಲ್ಕಲಾಯ್ಡ್) ಬೇಕು, ಅದು ಚೇಳುಕೊಂಡಿ ಗಿಡ, ಗಿಲಿಗಿಲಿ ಗಿಡಗಳಲ್ಲಿ ಸಿಗುತ್ತದೆ. ಅವು ಒಣಗಿದ್ದರೂ ಸರಿ, ಒಣಗಿದ್ದರೆ ಇನ್ನೂ ಮೇಲು. ಪಾಳು ಹೊಲದ ಒಣ ಕಳೆಗೆ ಇಂಥ ಗಿರಾಕಿಗಳಿದ್ದಾರೆಂದು ಕೃಷಿ ಇಲಾಖೆಯ ಯಾವ ಕರಪತ್ರವೂ ಹೇಳುವುದಿಲ್ಲ.

ಇಷ್ಟಕ್ಕೆ ಬರುವ ಮೊದಲ ಆಕ್ಷೇಪ: ಬೇಸಿಗೆಯಲ್ಲಿ ಸಂಖ್ಯೆ ಕಡಿಮೆ, ಜಾತಿಗಳೂ ಕಡಿಮೆ, ಮತ್ತೆ ಯಾಕೆ ಹೋಗಬೇಕು? ಕಡಿಮೆಯೆಂಬುದು ನಿಜ. ಆದರೆ ಆ ಕಡಿಮೆಯಲ್ಲಿ ನಮ್ಮ ಗಡಿಯಾರದ ಪಾಲೂ ಇದೆ. ಚಿಟ್ಟೆ ಎಣಿಸುವ ಜಗತ್ಪ್ರಸಿದ್ಧ ಕ್ರಮ ಬಂದದ್ದು ಇಂಗ್ಲೆಂಡಿನಿಂದ. 1970ರ ದಶಕದಲ್ಲಿ ಅರ್ನೆಸ್ಟ್ ಪೊಲಾರ್ಡ್ ರೂಪಿಸಿದ ಆ ನಡಿಗೆಯಲ್ಲಿ ಬೆಳಿಗ್ಗೆ 10.45ರಿಂದ ಮಧ್ಯಾಹ್ನ 3.45ರೊಳಗೆ, ಬಿಸಿಲಿದ್ದರೆ ಕನಿಷ್ಠ 13 ಡಿಗ್ರಿ ಶಾಖದಲ್ಲಿ, ಗೊತ್ತಾದ ದಾರಿಯಲ್ಲಿ ನಡೆದು ಐದು ಮೀಟರ್ ಅಗಲದಲ್ಲಿ ಕಂಡದ್ದನ್ನು ಬರೆದುಕೊಳ್ಳಬೇಕು. ಇಂಗ್ಲೆಂಡಿನ ಚಿಟ್ಟೆಗೆ ಬಿಸಿಲು ಅಪರೂಪದ ವರ, ಅದಕ್ಕೆ ತಕ್ಕ ಸಮಯ ಅದು. ಕಲ್ಯಾಣದುರ್ಗದಲ್ಲಿ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ದಾಟುವಾಗ ಅದೇ ಗಡಿಯಾರ ಹಿಡಿದರೆ ಪುಸ್ತಕದಲ್ಲಿ ಬರೆಯಲು ಶೂನ್ಯವೇ ಸಿಗುತ್ತದೆ. ಹಾರಲು ಚಿಟ್ಟೆಯ ಎದೆಯ ಸ್ನಾಯು ಬಿಸಿಯಾಗಿರಬೇಕು, ಮಿತಿಮೀರಿ ಬಿಸಿಯಾದರೆ ನೆರಳು ಸೇರಬೇಕು. ಇಲ್ಲಿಯ ಚಿಟ್ಟೆಯ ದಿನ ಬೆಳಿಗ್ಗೆ ಏಳಕ್ಕೆ ಶುರುವಾಗಿ ಹತ್ತರ ಹೊತ್ತಿಗೆ ಮುಗಿದು, ಸಂಜೆ ಮತ್ತೆ ಸ್ವಲ್ಪ ತೆರೆಯುತ್ತದೆ. ನಡುಹೊತ್ತಿನಲ್ಲಿ ಒರತೆಯ ಅಂಚು ಮತ್ತು ಪೊದೆಯ ಒಳಗು ಬಿಟ್ಟರೆ ಉಳಿದದ್ದೆಲ್ಲ ಖಾಲಿ. ಇಷ್ಟು ತಿದ್ದಿಕೊಂಡ ಮೇಲೂ ಸೆಪ್ಟೆಂಬರಿನ ಸಂಖ್ಯೆ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ನೂರು ಎಕರೆ ಕುರುಚಲಿನಲ್ಲಿ ಹತ್ತು ಎಕರೆ ಉಳಿಸಲು ಮಾತ್ರ ಸಾಧ್ಯವೆಂದರೆ ಯಾವ ಹತ್ತು ಎಂದು ಸೆಪ್ಟೆಂಬರಿನ ಪಟ್ಟಿ ಹೇಳಲಾರದು. ಆಗ ಎಲ್ಲೆಲ್ಲೂ ಚಿಟ್ಟೆ. ಮೇ ತಿಂಗಳಲ್ಲಿ ಚಿಟ್ಟೆ ಉಳಿದಿರುವುದು ಈಚಲುಸಾಲಿನ ಹಳ್ಳದಲ್ಲಿ, ಬಂಡೆಯ ನೆರಳಿನ ಕ್ಯಾಪರಿಸ್ ಪೊದೆಯಲ್ಲಿ, ಊರ ಹೊಂಗೆತೋಪಿನಲ್ಲಿ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಹಲವು ಚಿಟ್ಟೆಗಳು ಬೇಸಿಗೆಯನ್ನು ರೆಕ್ಕೆಯ ರೂಪದಲ್ಲಿ ಕಳೆಯುವುದೇ ಇಲ್ಲ, ಕೋಶದೊಳಗೆ ನಿದ್ದೆ ಹೋಗಿ ಮಳೆಗೆ ಕಾಯುತ್ತವೆ. ಸಂಜೆಗತ್ತಲಲ್ಲಿ ಹಾರುವ ಈವ್ನಿಂಗ್ ಬ್ರೌನ್ ಒಣಕಾಲದಲ್ಲಿ ರೆಕ್ಕೆಯ ಕಣ್ಚುಕ್ಕೆಗಳನ್ನೇ ಕಳೆದುಕೊಂಡು ತರಗೆಲೆಯ ವೇಷ ತೊಡುತ್ತದೆ, ಕಾಲಡಿಯಲ್ಲಿದ್ದರೂ ಕಾಣುವುದಿಲ್ಲ. ಹೀಗಿರುವಾಗ ಮೇಯಲ್ಲಿ ಕಾಣದ್ದು ಇಲ್ಲವೆಂದು ಬರೆದುಕೊಂಡರೆ ಅನ್ಯಾಯವಲ್ಲವೇ? ಅನ್ಯಾಯವೇ. ಹುಲ್ಲನ್ನು ನಂಬಿದ ಜಾತಿಗಳ ವಿಷಯದಲ್ಲಂತೂ ಬೇಸಿಗೆಯ ಪಟ್ಟಿ ಮೋಸಮಾಡುತ್ತದೆ ಎಂದು ಒಪ್ಪಿಕೊಳ್ಳಬೇಕು. ಅವಕ್ಕಾಗಿ ಮಳೆ ಬಿದ್ದ ಮೇಲೆ ಇನ್ನೊಮ್ಮೆ ಹೋಗಲೇಬೇಕು. ಆದರೆ ಈ ಆಕ್ಷೇಪದ ಒಳಗೇ ಬೇಸಿಗೆಯ ಪರವಾದ ಒಂದು ಮಾತಿದೆ. ಕೋಶ ಯಾವ ಕಲ್ಲಿನಡಿ, ಯಾವ ಒಣ ಕಡ್ಡಿಯಲ್ಲಿ ಇದೆಯೋ ಆ ಕಲ್ಲು, ಆ ಕಡ್ಡಿ ಮೇ ಮುಗಿಯುವತನಕ ಅಲ್ಲೇ ಇರಬೇಕು. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದರೆ, ಬದು ಸವರಿದರೆ, ಜೆಸಿಬಿ ಹರಿದರೆ ಹೋಗುವುದು ಮುಂದಿನ ಸೆಪ್ಟೆಂಬರಿನ ಗಣತಿಯೇ. ರೆಕ್ಕೆ ಕಾಣದ ಕಡೆ ಎಲೆ ಮತ್ತು ಕೋಶ ಹುಡುಕಬೇಕು. ಹುಳ ಸಾಕಿದವರಿಗೆ ಇದನ್ನು ಹೇಳಿಕೊಡುವ ಅಗತ್ಯವಿಲ್ಲ.

ಮೂರನೆಯದಕ್ಕೆ ವಾದ ಬೇಕಿಲ್ಲ, ವಿಧೇಯತೆ ಸಾಕು. ಬೇಸಿಗೆಯ ನೀರಿನ ಗುಂಡಿ ಕೃಷ್ಣಮೃಗಕ್ಕೂ ಬೇಕು, ತೋಳಕ್ಕೂ ಬೇಕು, ನರಿಗೂ ಬೇಕು. ಕ್ಯಾಮೆರಾ ಹಿಡಿದವರು ಗಂಟೆಗಟ್ಟಲೆ ಅದರ ಬಾಯಲ್ಲಿ ಕುಳಿತರೆ ಪ್ರಾಣಿಗಳು ಬಾಯಾರಿ ಹಿಂದಿರುಗುತ್ತವೆ. ಗಡಿಯಾಚೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು ಬರಿ 798 ಎಕರೆ. 2019ರಲ್ಲಿ ಚಿಂಕಾರಕ್ಕಾಗಿ ಘೋಷಣೆಯಾದ ಶಿರಾ ಸೀಮೆಯ ಬುಕ್ಕಾಪಟ್ಟಣ ಅಭಯಾರಣ್ಯವೂ ಇದೇ ಬಗೆಯ ಬಿಸಿಲು ಕಾಡು. ಇಂಥ ಕಡೆ ಚಿಟ್ಟೆಗಾಗಿ ಹೋಗುವವರು ಅನುಮತಿ ಪಡೆದು, ಒಂಟಿ ನೀರಿನ ನೆಲೆಯನ್ನು ಬಿಟ್ಟು, ಅಂಚಿನ ಪೊದೆಗಳಿಗೆ ತೃಪ್ತರಾಗಿ ಬಿಸಿಲೇರುವ ಮೊದಲೇ ಹೊರಬರಬೇಕು.

ಈಗ ಕಂದಾಯದ ಪುಸ್ತಕಕ್ಕೆ. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಮತ್ತು ದೂರಸಂವೇದಿ ಸಂಸ್ಥೆ ಸೇರಿ 2000ದಿಂದ ‘ವೇಸ್ಟ್‌ಲ್ಯಾಂಡ್ ಅಟ್ಲಾಸ್’ ಎಂಬ ನಕ್ಷಾಸಂಪುಟಗಳನ್ನು ತರುತ್ತಿವೆ. ಅದರಲ್ಲಿ ಕುರುಚಲು ನೆಲವೂ ಪಾಳುಭೂಮಿಯ ಒಂದು ಬಗೆ. ಉಪಗ್ರಹಕ್ಕೆ ಕಾಣುವುದು ಮರದ ನೆತ್ತಿ. ಕ್ಯಾಪರಿಸ್ ಪೊದೆ, ಎಕ್ಕ, ತಂಗಡಿ ಅದರ ಲೆಕ್ಕಕ್ಕೆ ಬಡತನದ ಗುರುತು. ಹಿಂದೂಪುರದಿಂದ ಉತ್ತರಕ್ಕೆ, ಚೆನ್ನೇಕೊತ್ತಪಲ್ಲಿ ಕಡೆಯ ಕಲ್ಪವಲ್ಲಿ ಗುಡ್ಡಗಳ ಕಥೆ ಇದರ ಪರಿಣಾಮವನ್ನು ತೋರಿಸುತ್ತದೆ. 1990ರಲ್ಲಿ ಶುರುವಾದ ಟಿಂಬಕ್ಟು ಕಲೆಕ್ಟಿವ್ ಸಂಸ್ಥೆಯ ಜೊತೆಗೂಡಿ ಮುಷ್ಟಿಕೋವಿಲ ಮತ್ತು ಸುತ್ತಲ ಹಳ್ಳಿಗರು ಬೋಳಾಗಿದ್ದ ಆ ಗುಡ್ಡಗಳಿಗೆ ಬೆಂಕಿ ಬೀಳದಂತೆ, ಕೊಡಲಿ ತಾಗದಂತೆ ವರ್ಷಗಟ್ಟಲೆ ಕಾವಲು ಕಾದರು. ಏಳು ಸಾವಿರ ಎಕರೆಗೂ ಮೀರಿದ ನೆಲದಲ್ಲಿ ಹುಲ್ಲು, ಈಚಲು, ಕುರುಚಲು ಮರಳಿ ಬಂತು, ಹಳ್ಳ ತಿರುಗಿ ಹರಿಯಿತು. ಕಂದಾಯದ ಕಡತದಲ್ಲಿ ಮಾತ್ರ ಅದು ಪಾಳುಭೂಮಿಯಾಗಿಯೇ ಉಳಿದಿತ್ತು. 2010ರ ನಂತರ ಹತ್ತಾರು ಗಾಳಿಯಂತ್ರಗಳು ಅಲ್ಲಿಗೆ ಬಂದವು, ಗುಡ್ಡದ ನೆತ್ತಿ ಕಡಿದು ರಸ್ತೆಗಳಾದವು, ಮಣ್ಣು ಹಳ್ಳಕ್ಕೆ ಕುಸಿಯಿತು. ಗಾಳಿಯ ವಿದ್ಯುತ್ತು ಬೇಡವೇ ಎಂದು ಕೇಳುವವರಿದ್ದಾರೆ. ಬೇಕು, ಕಲ್ಲಿದ್ದಲಿಗಿಂತ ಅದು ಲೇಸು. ಆದರೆ ಯಂತ್ರ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವ ಮೊದಲು ಅಲ್ಲಿ ಏನಿದೆ ಎಂದು ನೋಡಬೇಕು. ‘ಏನೂ ಇಲ್ಲ’ ಎಂದು ಮೊದಲೇ ಅಚ್ಚಾದ ಕಾಗದ ಇದ್ದಾಗ ಆ ನೋಡುವಿಕೆ ನಡೆಯುವುದೇ ಇಲ್ಲ.

ಕಾನೂನಿನ ವಿಚಿತ್ರವೂ ಇಲ್ಲಿಯೇ ಎದ್ದು ಕಾಣುತ್ತದೆ. ಡೆನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣು ಎಕ್ಕದ ಪ್ಲೇನ್ ಟೈಗರನ್ನು ಹುಬೇಹೂಬು ಅನುಕರಿಸಿ ಹಕ್ಕಿಗಳಿಂದ ತಪ್ಪಿಸಿಕೊಳ್ಳುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿ–ಆನೆಗಳ ಪಂಕ್ತಿಯಲ್ಲಿ ಅದಕ್ಕೆ ಬಹುಕಾಲ ಜಾಗವಿತ್ತು. ಅದರ ಹುಳು ತಿನ್ನುವುದು ಗೋಣಿಸೊಪ್ಪು. ನಾವು ಬೇಳೆಗೆ ಹಾಕಿ ಉಣ್ಣುವ, ಕಡಲೆಕಾಯಿ ಹೊಲದಲ್ಲಿ ಕಳೆಯೆಂದು ಕೀಳುವ ಅದೇ ಸೊಪ್ಪು. ಚಿಟ್ಟೆ ಹಿಡಿದರೆ ಜೈಲು, ಚಿಟ್ಟೆಯ ಮನೆಗೆ ಕಳೆನಾಶಕ ಹೊಡೆದರೆ ಯಾರೂ ಕೇಳುವುದಿಲ್ಲ. ರೈತನನ್ನು ದೂರಿ ಫಲವಿಲ್ಲ. ಹೊಲ ಅವನ ಅನ್ನ. ಹೊಲದ ಆಚೆಯ ಬದು, ಗುಂಡುತೋಪು, ಹಳ್ಳದ ದಂಡೆ, ಗುಡ್ಡದ ಬುಡ, ಇವು ಯಾರ ಅನ್ನವೂ ಅಲ್ಲದ್ದರಿಂದಲೇ ಎಲ್ಲರ ಕೈಗೂ ಸಿಕ್ಕಿ ಹೋಗುತ್ತಿವೆ. ಆ ಜಾಗಗಳಿಗೆ ಒಂದು ಪಟ್ಟಿ ಬೇಕು. ಕಲ್ಯಾಣದುರ್ಗ, ಹಿಂದೂಪುರ, ಮಡಕಶಿರಾಗಳಲ್ಲಿ ಕಾಲೇಜುಗಳಿವೆ, ಪ್ರಾಣಿಶಾಸ್ತ್ರ ಓದುವ ಮಕ್ಕಳಿದ್ದಾರೆ, ರೇಷ್ಮೆಯ ಮನೆಗಳಿಂದ ಬಂದವರೂ ಅವರಲ್ಲಿ ಸಾಕಷ್ಟು ಇರುತ್ತಾರೆ. ಮುಂದಿನ ಏಪ್ರಿಲ್‌ನಲ್ಲಿ ಒಂದು ಭಾನುವಾರ, ಬೆಳಿಗ್ಗೆ ಏಳಕ್ಕೆ, ತಮ್ಮೂರ ಹಳ್ಳದುದ್ದಕ್ಕೆ ಒಂದು ಕಿಲೋಮೀಟರ್ ನಡೆದು, ಎಲ್ಲಿ ಹಸಿರೆಲೆ ಇದೆ, ಎಲ್ಲಿ ಪಸೆ ಇದೆ, ಅಲ್ಲಿ ಯಾರಿದ್ದಾರೆ ಎಂದು ಅವರು ಬರೆದುಕೊಳ್ಳಲಿ. ನೀರಿನ ಬಾಟಲಿ, ಟೋಪಿ, ಒಂದು ನೋಟ್‌ಬುಕ್ಕು ಸಾಕು. ಮೊದಲ ಎಕ್ಕದ ಗಿಡದ ಬಳಿ ನಿಂತು ಎಲೆ ಮಗುಚಿ ನೋಡಲು ಮಾತ್ರ ಮರೆಯಬಾರದು.